ಎದುರಿನ ಹಕ್ಕಿಯನ್ನೂ ನೋಡಿ

ಗೋಡೆಯ ಮೇಲೆ ಕೂತ ಒಂದು ಗುಬ್ಬಚ್ಚಿ ರೆಕ್ಕೆಗಳನ್ನು ಸ್ವಲ್ಪ ಇಳಿಬಿಟ್ಟು ಪಟಪಟನೆ ನಡುಗಿಸುತ್ತಿದೆ ಎಂದುಕೊಳ್ಳಿ. ಏನು ನಡೆಯುತ್ತಿದೆ? ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ಉತ್ತರ ಹೇಳಿಕೊಂಡಿರುತ್ತೀರಿ. ಚಳಿ, ಕಾಯಿಲೆ, ಹಸಿವು, ಪ್ರಣಯ. ಆದರೆ ನಾನು ಇನ್ನೂ ಅರ್ಧ ದೃಶ್ಯವನ್ನಷ್ಟೇ ಹೇಳಿದ್ದೇನೆ. ಗೂಡು ಬಿಟ್ಟು ಹೊರಬಂದ ಮರಿ ತುತ್ತು ಕೇಳುವಾಗ ಹೀಗೇ ನಡುಗುತ್ತದೆ. ಕೂಡಲು ಒಪ್ಪಿದ ಹೆಣ್ಣು ಮೈಯನ್ನು ತಗ್ಗಿಸಿ, ಬಾಲ ಎತ್ತಿ, ಮೆಲ್ಲಗೆ ಒಂದೇ ಸ್ವರ ಹೊರಡಿಸುತ್ತಾ ಹೀಗೇ ನಡುಗುತ್ತದೆ. ಹೆಣ್ಣಿನ ಮುಂದೆ ಎದೆ ಸೆಟೆದು, ತಲೆ ಎತ್ತಿ ಕುಪ್ಪಳಿಸುವ ಗಂಡು ಕೂಡ ಹೀಗೇ ರೆಕ್ಕೆ ನಡುಗಿಸುತ್ತದೆ. ಒಂದೇ ಜಾತಿಯ ಹಕ್ಕಿ, ಒಂದೇ ಚಲನೆ, ಮೂರು ಬೇರೆ ಬೇರೆ ಸಂದರ್ಭ.

ಮರಿಯನ್ನು ಗುರುತಿಸುವುದು ಸುಲಭ. ಬಾಯಿಯ ಮೂಲೆಗಳಲ್ಲಿ ತೆಳು ಹಳದಿ ಅಂಚು ಇರುತ್ತದೆ, ಬಾಲ ಇನ್ನೂ ಮೋಟು. ಉಳಿದೆರಡರಲ್ಲಿ ನಿಮಗೆ ನೆರವಾಗುವುದು ಪಕ್ಕದಲ್ಲಿರುವ ಎರಡನೇ ಹಕ್ಕಿ. ಅದು ಬಾಯಿಗೆ ತುತ್ತು ಇಟ್ಟಿತೇ, ಬೆನ್ನೇರಿತೇ, ಇಲ್ಲ ಕುಕ್ಕಿ ಹಾರಿಹೋಯಿತೇ? ಇವತ್ತು ನಾನು ನಿಮಗೆ ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ. ಕುಣಿಯುವ ಹಕ್ಕಿಯ ಮೇಲೆ ನೆಟ್ಟ ಕಣ್ಣನ್ನು ಕಿತ್ತು, ಆ ಕುಣಿತವನ್ನು ನೋಡುತ್ತಿರುವ ಹಕ್ಕಿಯ ಕಡೆ ತಿರುಗಿಸಿ. ಸಂಜ್ಞೆ ಹುಟ್ಟುವುದು ಒಂದು ಹಕ್ಕಿಯಲ್ಲಿ, ಅದರ ಫಲ ಕಾಣಿಸುವುದು ಇನ್ನೊಂದರಲ್ಲಿ.

ಹಿತ್ತಲಲ್ಲಿ ಕೂತು ಹಕ್ಕಿ ನೋಡುವವರು ಪುಸ್ತಕದಲ್ಲಿ ‘ಕೋಪಗೊಂಡ ಕಾಗೆ’, ‘ಪ್ರೀತಿಯ ಜೋಡಿ’ ಎಂದು ಬರೆದಿಡುತ್ತಾರೆ. ಹಕ್ಕಿಗಳಿಗೆ ಭಾವನೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಇದೆಯೆಂದೇ ನನ್ನ ನಂಬಿಕೆ. ಆದರೆ ಹಾಗೆ ಬರೆದ ಮೇಲೆ ಆರು ತಿಂಗಳು ಬಿಟ್ಟು ಓದಿದರೆ ಅದರಿಂದ ಏನೂ ದಕ್ಕುವುದಿಲ್ಲ. ‘ಕಾಗೆ ತಲೆ ತಗ್ಗಿಸಿ ಕತ್ತಿನ ಗರಿ ನಿಗುರಿಸಿತು, ಎದುರಿನ ಕಾಗೆ ಎರಡು ಹೆಜ್ಜೆ ಹಿಂದೆ ಸರಿಯಿತು, ಮೊದಲನೆಯದು ಆ ಜಾಗಕ್ಕೆ ಬಂತು’ ಎಂದು ಬರೆದಿಟ್ಟರೆ ದಕ್ಕುತ್ತದೆ. ಮೊದಲು ಏನಾಗಿತ್ತು, ಹಕ್ಕಿ ಏನು ಮಾಡಿತು, ಆಮೇಲೆ ಏನಾಯಿತು. ಈ ಮೂರನ್ನೂ ಬರೆಯಿರಿ. ಹೆಸರಿಡುವ ಕೆಲಸ ತಡವಾದರೂ ಪರವಾಗಿಲ್ಲ.

ನಿಕೊ ಟಿನ್‌ಬರ್ಗೆನ್ ಎಂಬ ಪ್ರಾಣಿವರ್ತನೆಯ ವಿಜ್ಞಾನಿ 1963ರಲ್ಲಿ ಯಾವುದೇ ವರ್ತನೆಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು. ಈ ಕ್ಷಣದಲ್ಲಿ ಅದನ್ನು ಹುಟ್ಟಿಸಿದ್ದೇನು, ಹಕ್ಕಿಯ ಬಾಳಿನಲ್ಲಿ ಅದು ಬೆಳೆದು ಬಂದದ್ದು ಹೇಗೆ, ಅದರಿಂದ ಏನು ಪ್ರಯೋಜನ, ವಂಶದ ಇತಿಹಾಸದಲ್ಲಿ ಅದು ಎಲ್ಲಿಂದ ಬಂತು. ‘ಗಂಡು ಯಾಕೆ ಹಾಡುತ್ತದೆ?’ ಎಂದು ಯಾರಾದರೂ ಕೇಳಿದಾಗ ನಾಲ್ಕು ಜನ ನಾಲ್ಕು ಉತ್ತರ ಕೊಟ್ಟು ಜಗಳವಾಡುವುದನ್ನು ನೋಡಿದ್ದೇನೆ. ಅವರಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ.

ಈಗ ಪಾರಿವಾಳ. ಎಲ್ಲರೂ ನೋಡಿರುವ, ಯಾರೂ ನಿಂತು ನೋಡದ ಹಕ್ಕಿ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ.

ಗಂಡು ಕುತ್ತಿಗೆ ಉಬ್ಬಿಸಿ, ಗುಟುರು ಹಾಕುತ್ತಾ, ತಲೆ ಬಾಗಿಸಿ ಸುತ್ತು ತಿರುಗುತ್ತದೆ. ನಡುನಡುವೆ ಬಾಲವನ್ನು ಬೀಸಣಿಗೆಯಂತೆ ಹರಡಿ ನೆಲಕ್ಕೆ ಉಜ್ಜುತ್ತಾ ಹೆಣ್ಣಿನತ್ತ ನಡೆಯುತ್ತದೆ. ಹೆಣ್ಣು ಕಾಳು ಹೆಕ್ಕುವುದನ್ನು ಬಿಡುವುದಿಲ್ಲ. ಇಂಥ ಪ್ರದರ್ಶನಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಮುಂದುವರಿದರೆ ಮಾತ್ರ ನೋಡಬೇಕಾದ್ದು ಬರುತ್ತದೆ. ಎರಡೂ ಒಂದರ ತಲೆ, ಕತ್ತನ್ನು ಇನ್ನೊಂದು ಕೊಕ್ಕಿನಿಂದ ನೇವರಿಸುತ್ತವೆ. ಹೆಣ್ಣು ತನ್ನ ಕೊಕ್ಕನ್ನು ಗಂಡಿನ ಕೊಕ್ಕಿನೊಳಗೆ ಇಡುತ್ತದೆ, ಮರಿ ತಾಯಿಯ ಬಾಯಿಗೆ ಕೊಕ್ಕು ತೂರಿಸುವಂತೆಯೇ. ಆಮೇಲೆ ಹೆಣ್ಣು ತಗ್ಗುತ್ತದೆ, ಗಂಡು ಬೆನ್ನೇರುತ್ತದೆ, ಅದಾದ ಮೇಲೆ ಗಂಡು ರೆಕ್ಕೆಗಳನ್ನು ಪಟ್ ಪಟ್ ಎಂದು ಬಡಿಯುತ್ತಾ ಹಾರುತ್ತದೆ. ಆ ಸದ್ದು ಕೇಳಿದರೆ ಸಾಕು, ಏನು ನಡೆದಿರಬಹುದು ಎಂದು ತಲೆ ಎತ್ತದೆಯೂ ನೀವು ಊಹಿಸಬಹುದು.

ಇದರ ಬೆನ್ನಿಗೇ ಇನ್ನೊಂದು ವರ್ತನೆ ಶುರುವಾಗುತ್ತದೆ. ಬಹಳ ಜನ ತಪ್ಪಾಗಿ ಓದುವುದು ಇದನ್ನೇ. ಗಂಡು ಹೆಣ್ಣಿನ ಬಾಲಕ್ಕೆ ಅಂಟಿಕೊಂಡಂತೆ ಹಿಂದೆ ಹಿಂದೆ ಓಡುತ್ತದೆ, ಕೆಲವೊಮ್ಮೆ ಮೆಟ್ಟಿಯೇಬಿಡುವಷ್ಟು ಹತ್ತಿರ. ಹೆಣ್ಣಿಗೆ ನೆಮ್ಮದಿಯಾಗಿ ತಿನ್ನಲು ಬಿಡುವುದಿಲ್ಲ. ನೋಡಿದವರು ‘ಪಾಪ, ಕಾಟ ಕೊಡುತ್ತಿದೆ’ ಎನ್ನುತ್ತಾರೆ, ಇನ್ನು ಕೆಲವರು ‘ಎಷ್ಟು ಮೋಹ ನೋಡಿ’ ಎನ್ನುತ್ತಾರೆ. ಸುತ್ತ ಯಾರಿದ್ದಾರೆ ಎಂದು ನೋಡಿ. ಬೇರೆ ಗಂಡುಗಳು ಹತ್ತಿರವಿದ್ದಾಗ ಈ ಅಟ್ಟುವಿಕೆ ಜೋರಾಗುತ್ತದೆ, ಅವುಗಳಿಂದ ದೂರ ಬಂದ ಮೇಲೆ ಸಡಿಲವಾಗುತ್ತದೆ. ಯಾವಾಗ ನಡೆಯುತ್ತದೆ ಎಂದೂ ನೋಡಿ. ಮೊಟ್ಟೆಯಿಡುವ ಮುಂಚಿನ ದಿನಗಳಲ್ಲಿ ಇದು ತಾರಕಕ್ಕೇರುತ್ತದೆ, ಮೊಟ್ಟೆಯಿಟ್ಟು ಮುಗಿದ ಮೇಲೆ ನಿಂತುಹೋಗುತ್ತದೆ. ಇದು ಕಾವಲು. ತಾನು ಸಾಕಲಿರುವ ಮರಿ ತನ್ನದೇ ಆಗಿರಬೇಕೆಂಬುದಕ್ಕೆ ಗಂಡು ಕಟ್ಟಿಕೊಂಡ ಬೇಲಿ. ಆ ಮರಿಗಾಗಿ ಅದು ದುಡಿಯುವುದೂ ಹಾಗೇ. ಬೆಳಗಿನ ಹೊತ್ತೇರಿದಾಗಿನಿಂದ ಮಧ್ಯಾಹ್ನ ಕಳೆಯುವವರೆಗೆ ಗಂಡು ಕಾವು ಕೂರುತ್ತದೆ, ಉಳಿದ ಹೊತ್ತು ಮತ್ತು ಇಡೀ ರಾತ್ರಿ ಹೆಣ್ಣು. ಮರಿಗೆ ಉಣಿಸುವ ಗಂಟಲಚೀಲದ ಹಾಲು ಎರಡರಲ್ಲೂ ಸುರಿಯುತ್ತದೆ. ಹೀಗಾಗಿ ಮಧ್ಯಾಹ್ನ ನಿಮ್ಮ ಕಿಟಕಿಯ ಚಾಚಿನ ಮೇಲೆ ಕಾವು ಕೂತ ಪಾರಿವಾಳ ಕಂಡರೆ ಅದು ಬಹುಶಃ ಅಪ್ಪ.

ಇಲ್ಲಿ ಒಂದು ಅಡ್ಡಮಾತು ಹೇಳಲೇಬೇಕು, ನನಗೆ ಬಹಳ ಮೆಚ್ಚಿನ ಸಂಗತಿ. ಡೇನಿಯಲ್ ಲೆಹ್ರ್‌ಮನ್ ಎಂಬ ವಿಜ್ಞಾನಿ 1950 ಮತ್ತು 60ರ ದಶಕಗಳಲ್ಲಿ, ಕೊರಳಿಗೆ ಕಪ್ಪು ಪಟ್ಟಿಯಿರುವ ಬೆಳವಗಳ ಮೇಲೆ ಪ್ರಯೋಗ ಮಾಡಿದರು. ಹೆಣ್ಣನ್ನು ಒಂಟಿಯಾಗಿ ಇಟ್ಟರೆ ಮೊಟ್ಟೆ ಇಲ್ಲ. ಗಾಜಿನ ಆಚೆ ಗಂಡು ಬಾಗಿ ಬಾಗಿ ಗುಟುರುವುದನ್ನು ಬರೀ ಕಂಡು ಕೇಳಿದರೂ ಸಾಕು, ಹೆಣ್ಣಿನ ಅಂಡಾಶಯ ಬೆಳೆಯಲು ಶುರು. ಬೀಜ ತೆಗೆದ, ಹಾಗಾಗಿ ಸರಿಯಾಗಿ ಪ್ರಣಯ ತೋರದ ಗಂಡನ್ನು ಇಟ್ಟರೆ ಆ ಬೆಳವಣಿಗೆ ಅಷ್ಟಾಗಿ ಆಗಲಿಲ್ಲ. ಎಂದರೆ ಪ್ರಣಯದ ಕುಣಿತ ಹೆಣ್ಣನ್ನು ಒಲಿಸುವುದರ ಜೊತೆಗೆ ಅದರ ದೇಹವನ್ನು ಮೊಟ್ಟೆಗೆ ಅಣಿಮಾಡುತ್ತದೆ. ಇನ್ನೂ ಸೋಜಿಗದ್ದು ಮುಂದೆ ಬಂತು. ಮೇ-ಫಾಂಗ್ ಚೆಂಗ್ ಅವರ ಕೆಲಸದಿಂದ ತಿಳಿದದ್ದೇನೆಂದರೆ, ಗಂಡಿನ ಪ್ರಣಯಕ್ಕೆ ಓಗೊಟ್ಟು ಹೆಣ್ಣು ತಾನೇ ಗುಟುರುತ್ತದಲ್ಲ, ಆ ತನ್ನದೇ ದನಿ ಅದರ ಅಂಡಾಶಯವನ್ನು ಬೆಳೆಸುವುದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಯಾರಿಗಾಗಿ ಕೂಗುತ್ತಿದೆ ಎಂದು ಕೇಳಿದರೆ, ತನಗಾಗಿಯೂ ಹೌದು! ನೋಡುತ್ತಿರುವ ಹಕ್ಕಿಯತ್ತ ಕಣ್ಣು ತಿರುಗಿಸಿ ಎಂದೆನಲ್ಲ, ಕೆಲವು ಸಲ ಕೂಗುವ ಹಕ್ಕಿಯೇ ಕೇಳುವ ಹಕ್ಕಿಯೂ ಆಗಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹಾಡಿಗೆ ಬರೋಣ. ಮಡಿವಾಳ ಹಕ್ಕಿ ಬೆಳಗಿನ ಜಾವ ಎತ್ತರದ ಕೊಂಬೆಯ ತುದಿಯಲ್ಲಿ ಬಾಲ ಎತ್ತಿ ಕೂತು ಹಾಡುತ್ತದೆ. ಹಾಡು ಯಾರಿಗೆ? ಬೇರೆ ಗಂಡುಗಳಿಗೆ ‘ಇಲ್ಲಿ ಬರಬೇಡ’ ಎಂದೇ, ಹೆಣ್ಣಿಗೆ ‘ಬಾ’ ಎಂದೇ? ಹಕ್ಕಿಯನ್ನೇ ಪಕ್ಕಕ್ಕಿಟ್ಟು ಹಾಡನ್ನು ಮಾತ್ರ ಉಳಿಸಿಕೊಂಡರೆ ಇದಕ್ಕೆ ಉತ್ತರ ಸಿಗುತ್ತದೆ. ಜಾನ್ ಕ್ರೆಬ್ಸ್ 1970ರ ದಶಕದಲ್ಲಿ ಆಕ್ಸ್‌ಫರ್ಡ್ ಬಳಿಯ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳನ್ನು ಅವುಗಳ ನೆಲೆಗಳಿಂದ ಹಿಡಿದು ತೆಗೆದರು. ಕೆಲವು ನೆಲೆಗಳಲ್ಲಿ ಸ್ಪೀಕರ್ ಇಟ್ಟು ಆ ಜಾತಿಯ ಹಾಡನ್ನು ನುಡಿಸಿದರು, ಕೆಲವನ್ನು ಮೌನವಾಗಿ ಬಿಟ್ಟರು. ಮೌನದ ನೆಲೆಗಳನ್ನು ಹೊಸ ಹಕ್ಕಿಗಳು ಬೇಗ ಆಕ್ರಮಿಸಿದವು. ಹಾಡು ಕೇಳುತ್ತಿದ್ದ ನೆಲೆಗಳು ಹೆಚ್ಚು ಹೊತ್ತು ಖಾಲಿ ಉಳಿದವು. ಇನ್ನೊಂದು ಪ್ರಯೋಗ 1986ರದ್ದು, ನೊಣಹಿಡುಕ ಹಕ್ಕಿಗಳ ಮೇಲೆ. ಗೂಡುಪೆಟ್ಟಿಗೆಗಳಿಗೆ ಬಲೆಯ ಬಾಗಿಲು ಹಾಕಿ, ಕೆಲವಕ್ಕೆ ಹಾಡು ಜೋಡಿಸಿದರು. ಸಿಕ್ಕಿಬಿದ್ದ 10 ಹೆಣ್ಣುಗಳಲ್ಲಿ 9 ಹಾಡುವ ಪೆಟ್ಟಿಗೆಗಳಲ್ಲಿದ್ದವು. ಒಂದು ಪ್ರಯೋಗದಲ್ಲಿ ಹಾಡು ದೂರವಿಟ್ಟಿತು, ಇನ್ನೊಂದರಲ್ಲಿ ಹತ್ತಿರ ಕರೆಯಿತು. ಹಾಡಿನ ಅರ್ಥ ಕೇಳುವವರು ಯಾರು ಎಂಬುದರ ಮೇಲಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಡುವುದೆಲ್ಲ ಗಂಡು ಎಂದುಕೊಳ್ಳಬೇಡಿ. 2014ರಲ್ಲಿ ಹಾಡುಹಕ್ಕಿಗಳ 323 ಪ್ರಭೇದಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಶೇ. 71ರಷ್ಟರಲ್ಲಿ ಹೆಣ್ಣೂ ಹಾಡುತ್ತದೆ ಎಂದು ಕಂಡುಬಂತು. ಹಿಂದೆ ಈ ಅಧ್ಯಯನ ಹೆಚ್ಚಾಗಿ ನಡೆದದ್ದು ಯುರೋಪು, ಉತ್ತರ ಅಮೆರಿಕಗಳ ಚಳಿಸೀಮೆಯಲ್ಲಿ. ಹೆಣ್ಣು ಹಾಡದ ಹಕ್ಕಿಗಳು ಅಲ್ಲಿ ಹೆಚ್ಚು. ಅಲ್ಲಿಯ ಲೆಕ್ಕವನ್ನು ಜಗತ್ತಿಗೆಲ್ಲ ಹಚ್ಚಿದ್ದರಿಂದ ಎಷ್ಟೋ ಹೆಣ್ಣುಗಳ ಹಾಡು ಗಂಡಿನ ಖಾತೆಗೆ ಜಮೆಯಾಗಿದೆ. ಗಂಡು ಹೆಣ್ಣು ಒಂದೇ ರೀತಿ ಕಾಣುವ ಹಕ್ಕಿಗಳಲ್ಲಂತೂ, ಪಿಕಳಾರದಲ್ಲಿ, ಗೊರವಂಕದಲ್ಲಿ, ‘ಹಾಡಿತು, ಆದ್ದರಿಂದ ಗಂಡು’ ಎಂದು ದಯವಿಟ್ಟು ಬರೆಯಬೇಡಿ.

ಗುಬ್ಬಚ್ಚಿಗೆ ಮರಳುತ್ತೇನೆ. ಗಂಡಿನ ಗದ್ದದ ಕೆಳಗಿನ ಕಪ್ಪು ಎದೆಪಟ್ಟಿ ನೋಡಿರುತ್ತೀರಿ. ಗರಿ ಹೊಸದಾಗಿ ಬಂದಾಗ ಅದರ ತುದಿಗಳು ಬೂದು ಬಣ್ಣದವು, ಕಪ್ಪು ಒಳಗೆ ಅಡಗಿರುತ್ತದೆ. ತಿಂಗಳುಗಳು ಕಳೆದಂತೆ ಆ ತುದಿಗಳು ಸವೆದುಹೋಗಿ ಒಳಗಿನ ಕಪ್ಪು ಹೊರಬರುತ್ತದೆ. ಹೊಸ ಗರಿ ಮೂಡಿಸದೆಯೇ, ಬರೀ ಸವೆತದಿಂದ ಗಂಡು ಪ್ರಣಯಕಾಲಕ್ಕೆ ಸಿಂಗಾರಗೊಳ್ಳುತ್ತದೆ. ಕೊಕ್ಕು ಕೂಡ ಆ ಕಾಲದಲ್ಲಿ ಕಂದಿನಿಂದ ಕಪ್ಪಿಗೆ ತಿರುಗುತ್ತದೆ, ಅದು ಗಂಡು ಹಾರ್ಮೋನಿನ ಕೆಲಸ. ಹಾಗಾಗಿ ಕಪ್ಪು ಕೊಕ್ಕಿನ ಗಂಡು ಒಂದು ಸಂದಿಯ ಬಾಯಲ್ಲಿ ಕೂತು ಒಂದೇ ಸಮನೆ ಚಿಂವ್ ಚಿಂವ್ ಎನ್ನುತ್ತಿದ್ದರೆ ಅದು ತನಗೆ ಸಿಕ್ಕ ಗೂಡಿನ ಜಾಗವನ್ನು ತೋರಿಸುತ್ತಿದೆ ಎಂದು ಧೈರ್ಯವಾಗಿ ಬರೆಯಬಹುದು.

ಎದೆಪಟ್ಟಿ ದೊಡ್ಡದಿದ್ದಷ್ಟೂ ಗಂಡಿನ ಅಂತಸ್ತು ಹೆಚ್ಚು ಎಂಬ ಮಾತು ಹಲವು ದಶಕ ಪಠ್ಯಪುಸ್ತಕಗಳಲ್ಲೇ ಇತ್ತು. 2018ರಲ್ಲಿ ಹಲವು ಕಡೆಯ ಗುಬ್ಬಚ್ಚಿಗಳ ದತ್ತಾಂಶವನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಸಂಬಂಧ ದುರ್ಬಲ, ಅನಿಶ್ಚಿತ ಎಂದು ಕಂಡಿತು. ಅಷ್ಟು ಚೆಂದದ ವಿವರಣೆ ಕೈಜಾರಿದ್ದು ನನಗೆ ಬೇಸರವೇ. ಆದರೂ ಅಂತಸ್ತು ತಿಳಿಯಬೇಕಿದ್ದರೆ ಪಟ್ಟಿಯನ್ನು ಅಳೆಯಬೇಡಿ. ಯಾರು ಬಂದಾಗ ಯಾರು ಜಾಗ ಬಿಟ್ಟರು ಎಂದು ಲೆಕ್ಕವಿಡಿ. ನಾರ್ವೆಯ ಷೆಲ್ಡರಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕುತ್ತಾರೆ ಎಂಬ ಶ್ರೇಣಿಯನ್ನು ಬಯಲು ಮಾಡಿದ್ದು ಇಂಥ ಲೆಕ್ಕದಿಂದಲೇ.

ಗುಬ್ಬಚ್ಚಿಗಳ ಗದ್ದಲದ ಗುಂಪೂ ನಿಮಗೆ ಗೊತ್ತಿರುತ್ತದೆ. ಮೂರು ನಾಲ್ಕು ಗಂಡುಗಳು ಒಂದು ಹೆಣ್ಣನ್ನು ಸುತ್ತುವರಿದು ಚೀರಾಡುತ್ತಾ ಪೊದೆಯೊಳಗೆ ಉರುಳುತ್ತವೆ. ಒಂದು ಗಂಡು ಹೆಣ್ಣಿನ ಮುಂದೆ ಪ್ರದರ್ಶನಕ್ಕೆ ಇಳಿಯುತ್ತದೆ, ಹೆಣ್ಣು ಒಪ್ಪದೆ ಹಾರುತ್ತದೆ, ಆ ಓಟ ಕಂಡು ಅಕ್ಕಪಕ್ಕದ ಗಂಡುಗಳು ಸೇರಿಕೊಳ್ಳುತ್ತವೆ. ಸಾಮಾನ್ಯವಾಗಿ ಅಲ್ಲಿ ಕೂಡುವಿಕೆ ನಡೆಯುವುದಿಲ್ಲ. ಹೆಣ್ಣು ತಿರುಗಿ ಬಿದ್ದು ಕುಕ್ಕುತ್ತದೆ, ಗುಂಪು ಚದುರುತ್ತದೆ.

ಇನ್ನು ಹರಟೆಮಲ್ಲ. ತರಗೆಲೆ ಕೆದಕುತ್ತಾ ಗುಂಪಾಗಿ ಕುಪ್ಪಳಿಸುವ, ಸದಾ ವಟಗುಟ್ಟುವ ಹಕ್ಕಿ. ಇವುಗಳಲ್ಲಿ ನನಗೆ ನೋಡಿದಷ್ಟೂ ಸಾಲದೆನಿಸುವುದು ಕಾವಲು. ಗುಂಪು ನೆಲದ ಮೇಲೆ ತಿನ್ನುವಾಗ ಒಂದು ಹಕ್ಕಿ ಮೇಲೆ ಕೂತು ಸುತ್ತ ನೋಡುತ್ತಿರುತ್ತದೆ. ಇದು ತ್ಯಾಗವೇ? ಇಸ್ರೇಲಿನ ಅಮೋಟ್ಸ್ ಜಹಾವಿ 1970ರ ದಶಕದಿಂದ ಅರೇಬಿಯದ ಹರಟೆಮಲ್ಲಗಳ ಬೆನ್ನು ಹತ್ತಿದರು. ಒಂದೊಂದು ಹಕ್ಕಿಯನ್ನೂ ಗುರುತಿಸಿ ನೋಡಿದಾಗ, ಮೇಲಿನ ಅಂತಸ್ತಿನ ಹಕ್ಕಿ ಬಂದು ಕಾವಲಿನಲ್ಲಿದ್ದ ಕಿರಿಯ ಹಕ್ಕಿಯನ್ನು ಎಬ್ಬಿಸಿ ತಾನೇ ಕೂರುವುದು ಅವರಿಗೆ ಕಂಡಿತು. ಕಾವಲು ಒಂದು ಗೌರವದ ಸ್ಥಾನ, ಅದಕ್ಕೆ ಪೈಪೋಟಿಯಿದೆ ಎಂದು ಅವರು ವಾದಿಸಿದರು. ಮುಂದೆ ಅದೇ ಪ್ರಭೇದಕ್ಕೆ ಹೆಚ್ಚಿಗೆ ಆಹಾರ ಕೊಟ್ಟು ನೋಡಿದ ಬೇರೆ ಸಂಶೋಧಕರಿಗೆ ಹೊಟ್ಟೆ ತುಂಬಿದ ಹಕ್ಕಿ ಹೆಚ್ಚು ಹೊತ್ತು ಕಾವಲಿಗೆ ಕೂರುತ್ತದೆ ಎಂದು ಕಂಡಿತು. ತಿನ್ನುವ ಅವಸರವಿಲ್ಲದಾಗ ಎತ್ತರದಲ್ಲಿ ಕೂರುವುದು ಆ ಹಕ್ಕಿಗೇ ಕ್ಷೇಮ ಎಂಬುದು ಇವರ ಓದು. ನನ್ನ ಒಲವು ಎರಡನೆಯದರ ಕಡೆ. ಆದರೆ ಎಬ್ಬಿಸಿ ಕೂರುವ ಆ ದೃಶ್ಯವನ್ನು ಹೊಟ್ಟೆಯ ಲೆಕ್ಕವೊಂದರಿಂದಲೇ ವಿವರಿಸಲು ನನಗೆ ಆಗುವುದಿಲ್ಲ. ನಿಮ್ಮ ಹಿತ್ತಲಿಗೆ ಹರಟೆಮಲ್ಲಗಳು ಬರುತ್ತಿದ್ದರೆ ಕಾವಲು ಬದಲಾಗುವ ಆ ಕ್ಷಣವನ್ನು ಕಾಯಿರಿ. ಮೊದಲಿನದು ತಾನೇ ಇಳಿಯಿತೇ, ಎರಡನೆಯದು ಬಂದು ಇಳಿಸಿತೇ?

ಇವುಗಳ ಮೈ ನೇವರಿಕೆಯನ್ನೂ ಗಮನಿಸಿ. ಕೊಂಬೆಯ ಮೇಲೆ ಒತ್ತೊತ್ತಾಗಿ ಕೂತು ಒಂದರ ತಲೆ, ಕತ್ತನ್ನು ಇನ್ನೊಂದು ಬಿಡಿಸುತ್ತದೆ. ಆ ಜಾಗಗಳಿಗೆ ತನ್ನ ಕೊಕ್ಕು ಎಟಕುವುದಿಲ್ಲವಾದ್ದರಿಂದ ಉಪಯೋಗ ನಿಜವಾದದ್ದೇ. ಯಾರು ಕತ್ತು ಒಡ್ಡುತ್ತಾರೆ, ಯಾರು ನೇವರಿಸುತ್ತಾರೆ, ಅದು ತಿರುಗುಮುರುಗಾಗುತ್ತದೆಯೇ ಎಂದು ಬರೆದಿಟ್ಟರೆ ಗುಂಪಿನೊಳಗಿನ ಸಂಬಂಧಗಳು ನಿಧಾನವಾಗಿ ಮೇಲೇಳುತ್ತವೆ.

ಜಗಳದ ಬಗ್ಗೆ ಒಂದೆರಡು ಮಾತು. ಕಿಟಕಿಯ ಗಾಜನ್ನೋ ವಾಹನದ ಕನ್ನಡಿಯನ್ನೋ ಸೂರಕ್ಕಿ ದಿನಗಟ್ಟಲೆ ಕುಕ್ಕುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅದು ತನ್ನ ಚೆಲುವನ್ನು ನೋಡಿಕೊಳ್ಳುತ್ತಿಲ್ಲ. ಎಷ್ಟು ಬೆದರಿಸಿದರೂ ಜಾಗ ಬಿಡದ ಎದುರಾಳಿಯೊಬ್ಬ ಅದಕ್ಕೆ ಕಾಣುತ್ತಿದ್ದಾನೆ. ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಇಂಗ್ಲೆಂಡಿನ ಕೆಂಪೆದೆಯ ರಾಬಿನ್ ಹಕ್ಕಿಗಳ ಮುಂದೆ ಬರೀ ಒಂದು ಹಿಡಿ ಕೆಂಪು ಗರಿಯ ಗೊಂಚಲು ಇಟ್ಟಾಗಲೂ ಅವು ಬೆದರಿಕೆಯ ಭಂಗಿಗೆ ಇಳಿದವು. ಕೆಂಪೆದೆಯಿಲ್ಲದ ಮರಿಯ ಬೊಂಬೆಯನ್ನು ಇಟ್ಟಾಗ ಅಷ್ಟಾಗಿ ಗಮನ ಕೊಡಲಿಲ್ಲ. ಗಾಜಿನ ಹೊರಮೈಗೆ ಕಾಗದ ಅಂಟಿಸಿ ಪ್ರತಿಬಿಂಬ ಮರೆಮಾಡಿ. ಒಳಗಿನಿಂದ ಪರದೆ ಎಳೆದರೆ ಗಾಜು ಇನ್ನಷ್ಟು ಹೊಳೆಯಬಹುದು. ಜಗಳದ ನಟ್ಟನಡುವೆ ಹಕ್ಕಿ ಇದ್ದಕ್ಕಿದ್ದಂತೆ ಕೊಕ್ಕನ್ನು ಕೊಂಬೆಗೆ ಒರೆಸುವುದು, ನೆಲ ಕುಕ್ಕುವುದೂ ಉಂಟು. ಮೈಮೇಲೆ ಬೀಳುವ ಸೆಳೆತ, ಓಡುವ ಸೆಳೆತ ಎರಡೂ ಸರಿಸಮ ಇರುವಾಗ ಇಂಥ ಸಂಬಂಧವಿಲ್ಲದ ಕೆಲಸ ಹೊರಬೀಳುತ್ತದೆ ಎಂದು ಟಿನ್‌ಬರ್ಗೆನ್ ವಿವರಿಸಿದ್ದರು. ಅದನ್ನು ‘ಜಗಳ ಮರೆತು ತಿನ್ನತೊಡಗಿತು’ ಎಂದು ಓದಬೇಡಿ.

ಜೋಡಿಯ ನಿಷ್ಠೆಯ ಬಗ್ಗೆ ಕೇಳದೆ ಇಂಥ ಸಭೆ ಮುಗಿಯುವುದಿಲ್ಲ. ಗೂಡು ಕಟ್ಟಿ ಒಟ್ಟಿಗೆ ಮರಿ ಸಾಕುವ ಜೋಡಿ ಎಂದರೆ ಮರಿಗಳೆಲ್ಲ ಆ ಗಂಡಿನವೇ ಎಂದು 1980ರ ದಶಕದವರೆಗೆ ಬಹುತೇಕ ಎಲ್ಲರೂ ತಿಳಿದಿದ್ದರು. ಡಿಎನ್‌ಎ ಪರೀಕ್ಷೆ ಬಂತು. ಆಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ 2002ರಲ್ಲಿ ನೋಡಿದಾಗ, ಜೋಡಿಯಾಗಿ ಬಾಳುವ ಹಕ್ಕಿಗಳಲ್ಲಿ ಸರಾಸರಿ ಶೇ. 11ಕ್ಕಿಂತ ಹೆಚ್ಚು ಮರಿಗಳ ತಂದೆ ಬೇರೆ ಗಂಡು. ಇಂಗ್ಲೆಂಡಿನ ತೋಟಗಳ ಡನಕ್ ಎಂಬ ಕಂದು ಹಕ್ಕಿಯನ್ನು 19ನೇ ಶತಮಾನದ ಪಾದ್ರಿಯೊಬ್ಬರು ಸರಳ, ವಿನಯದ ಬಾಳಿಗೆ ಮಾದರಿಯೆಂದು ಹೊಗಳಿದ್ದರು. ನಿಕ್ ಡೇವಿಸ್ ಕೇಂಬ್ರಿಜ್‌ನ ಸಸ್ಯೋದ್ಯಾನದಲ್ಲಿ ಅದೇ ಹಕ್ಕಿಗಳನ್ನು ಗುರುತು ಹಾಕಿ ನೋಡಿದರೆ, ಒಂದು ಹೆಣ್ಣಿಗೆ ಎರಡು ಗಂಡು, ಒಂದು ಗಂಡಿಗೆ ಎರಡು ಹೆಣ್ಣು, ಎಲ್ಲ ಬಗೆಯ ಸಂಸಾರಗಳೂ ಸಿಕ್ಕವು. ಎರಡು ಗಂಡುಗಳಿದ್ದಾಗ, ಹೆಣ್ಣಿನೊಡನೆ ಕೂಡುವ ಅವಕಾಶ ಎಷ್ಟು ಸಿಕ್ಕಿತ್ತೋ ಅದಕ್ಕೆ ತಕ್ಕಂತೆ ಪ್ರತಿ ಗಂಡೂ ಮರಿಗಳಿಗೆ ಉಣಿಸುತ್ತಿತ್ತು. ಹೆಣ್ಣು ಎರಡನೇ ಗಂಡನ್ನೂ ಸೇರಿಸಿಕೊಳ್ಳುವುದರಿಂದ ಮರಿಗಳಿಗೆ ಇನ್ನೊಂದು ಹಕ್ಕಿ ತರುವಷ್ಟು ತುತ್ತು ಹೆಚ್ಚಿಗೆ ಸಿಗುತ್ತದೆ. ಪಾದ್ರಿಗಳು ಹೊಗಳಿದ್ದಕ್ಕೂ ನಾವು ಈಗ ಬೈಯುವುದಕ್ಕೂ ಆ ಹಕ್ಕಿ ಹೊಣೆಯಲ್ಲ. ಅದು ಬದುಕುತ್ತಿರುವುದು ತನ್ನ ಮರಿಗಳ ಲೆಕ್ಕದಲ್ಲಿ.

ಒಬ್ಬರು ಕೇಳುತ್ತಿದ್ದಾರೆ, ಫೋನಿನಲ್ಲಿ ಹಾಡು ಹಾಕಿದರೆ ಹಕ್ಕಿ ಹತ್ತಿರ ಬರುತ್ತದಲ್ಲ, ಹಾಗೆ ಕರೆದು ನೋಡಬಹುದೇ ಎಂದು. ಬರುತ್ತದೆ, ಆದರೆ ಎದುರಾಳಿಯನ್ನು ಹುಡುಕಿಕೊಂಡು ಬರುತ್ತದೆ. ಅದು ಬಂದಷ್ಟು ಹೊತ್ತು ಮೇವು ಹುಡುಕುವುದು ನಿಂತಿರುತ್ತದೆ, ಗೂಡಿನ ಕಡೆ ಗಮನ ಇರುವುದಿಲ್ಲ. ಇಷ್ಟೇ ಆಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಬೇಡ ಎನ್ನುತ್ತಿರಲಿಲ್ಲ. ಕೆನಡಾದ ಸಂಶೋಧಕರು ಕರಿಟೋಪಿಯ ಚಿಕಡಿ ಎಂಬ ಪುಟ್ಟ ಹಕ್ಕಿಗಳ ಮೇಲೆ ಮಾಡಿದ ಕೆಲಸ 2002ರಲ್ಲಿ ಪ್ರಕಟವಾಯಿತು. ಮೇಲಿನ ಅಂತಸ್ತಿನ ಗಂಡಿನ ಎದುರು ಕೆಲವೇ ನಿಮಿಷ ಆಕ್ರಮಣಕಾರಿ ಹಾಡನ್ನು ಸ್ಪೀಕರಿನಿಂದ ನುಡಿಸಿದರು. ಸ್ಪೀಕರ್ ಸೋಲುವುದಿಲ್ಲ, ಗಂಡಿಗೆ ಗೆಲ್ಲಲಾಗಲಿಲ್ಲ. ಆ ಸೋಲನ್ನು ಹತ್ತಿರದಲ್ಲೆಲ್ಲೋ ಇದ್ದ ಅದರ ಸಂಗಾತಿ ಕೇಳಿಸಿಕೊಳ್ಳುತ್ತಿತ್ತು. ಆ ಗೂಡುಗಳ ಮರಿಗಳನ್ನು ಮುಂದೆ ಪರೀಕ್ಷಿಸಿದಾಗ ಬೇರೆ ಗಂಡಿಗೆ ಹುಟ್ಟಿದ ಮರಿಗಳು ಹೆಚ್ಚಿದ್ದವು. ನಿಮ್ಮ ಫೋನಿನ ಹಾಡನ್ನು ನೀವು ಒಂದು ಹಕ್ಕಿಗೆಂದು ಹಾಕುತ್ತೀರಿ, ಕೇಳುವವು ಎಷ್ಟೋ. ಹಾಗಾಗಿ ಫೋನನ್ನು ಜೇಬಿನಲ್ಲಿಟ್ಟು, ಗೂಡಿಗೆ ತುತ್ತು ಒಯ್ಯುವ ಹಕ್ಕಿ ನಿಮ್ಮನ್ನು ಕಂಡು ಕಾಯದಷ್ಟು ದೂರದಲ್ಲಿ ಕೂತು ನೋಡಿ. ಅದು ಬಾಯಲ್ಲಿ ಹುಳು ಹಿಡಿದು ಕೊಂಬೆಯ ಮೇಲೇ ತಡವರಿಸುತ್ತಿದ್ದರೆ, ಆ ಹೊತ್ತಿನಲ್ಲಿ ಅದರ ಎದುರಿನ ಹಕ್ಕಿ ನೀವೇ. ಎದ್ದು ಇನ್ನಷ್ಟು ಹಿಂದಕ್ಕೆ ಸರಿಯಿರಿ.